ಕೆರೆಯ ಹೂಳಿಗೂ ಒಂದು ಪಾಸ್‌ಬುಕ್ ಇದೆ

ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗೋರಿಗೆ ವರ್ತೂರು ಕೋಡಿ ಅಂದ ಕೂಡಲೇ ನೆನಪಾಗೋದು ಎರಡು: ಟ್ರಾಫಿಕ್, ನೊರೆ. 2015ರಲ್ಲಿ ರಸ್ತೆಗೆ ಹಾರಿ ಬರ್ತಿದ್ದ ನೊರೆಯನ್ನು ದೇಶವೇ ನೋಡಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಆ ವಿಡಿಯೋಗಳನ್ನು ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ. ಇವತ್ತು ವಿಡಿಯೋದಲ್ಲಿ ಕಾಣದ ವಸ್ತುವಿನ ಬಗ್ಗೆ ಮಾತಾಡ್ತೀನಿ: ನೀರಿನ ಅಡಿಯ ಹೂಳು.

ಕೆರೆಗೆ ಬಂದದ್ದೆಲ್ಲ ಕೊನೆಗೆ ತಳ ಸೇರುತ್ತೆ. ಎಲೆ, ಪಾಚಿ, ಮಣ್ಣು, ನಮ್ಮ ಬಾತ್‌ರೂಮಿನ ನೀರು, ಎಲ್ಲವೂ ಪದರ ಪದರವಾಗಿ ಕೂರುತ್ತೆ. ಕೆಳಗಿನದು ಹಳೇದು, ಮೇಲಿನದು ಹೊಸದು. ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಅದನ್ನು ಓದೋದು ಹೇಗೆ? ಸಮುದ್ರ ತೀರ, ದ್ವೀಪಗಳ ಕೆಸರನ್ನು ಓದೋಕೆ ವಿಜ್ಞಾನಿಗಳು ಬಳಸೋ ಸರಳ ವಿಧಾನ ಇಲ್ಲೂ ನಡೆಯುತ್ತೆ: ಇಂಗಾಲ ಎಷ್ಟು, ಸಾರಜನಕ ಎಷ್ಟು ಅಂತ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸೋದು.

ಪಾಚಿಯಂಥ ಜಲಜೀವಿಗಳಲ್ಲಿ ಪ್ರೋಟೀನ್ ಜಾಸ್ತಿ, ಹಾಗಾಗಿ ಸಾರಜನಕವೂ ಜಾಸ್ತಿ. ಅನುಪಾತ ಸುಮಾರು 4ರಿಂದ 10. ಮರಗಿಡಗಳಲ್ಲಿ ನಾರು, ತೊಗಟೆ ಹೆಚ್ಚು. ಅಲ್ಲಿ 20 ದಾಟುತ್ತೆ. ಕೊಳಚೆಯ ಘನವಸ್ತುವಿನಲ್ಲೂ ಅನುಪಾತ ಕಡಿಮೆ. ಅಂದ್ರೆ ಆಳದ ಪದರದಲ್ಲಿ 18 ಇದ್ದು, ಮೇಲಿನದರಲ್ಲಿ 9 ಆಗಿದ್ರೆ (ಇದು ನಾನು ಕೊಟ್ಟ ಉದಾಹರಣೆ ಅಷ್ಟೇ), ಹಿಂದೆ ಹೊಲ-ತೋಪಿನ ಎಲೆ ಬೀಳ್ತಿತ್ತು, ಆಮೇಲೆ ಪಾಚಿ ಅಥವಾ ಕೊಳಚೆ ಹೆಚ್ಚಾಯ್ತು ಅಂತ ಅನುಮಾನಿಸಬಹುದು.

ಲ್ಯಾಬ್‌ನಲ್ಲಿ ಮಾಡೋದು ಇಷ್ಟು. ಒಂದು ಕೊಳವೆಯನ್ನು ಕೆಸರಿಗೆ ನೆಟ್ಟಗೆ ಇಳಿಸಿ, ಪದರ ಕಲಸದಂತೆ ಎತ್ತಬೇಕು. ಒಣಗಿಸಿ ಪುಡಿ ಮಾಡಬೇಕು. ಚಿಪ್ಪು, ಸುಣ್ಣದಲ್ಲಿರೋ ಇಂಗಾಲ ಲೆಕ್ಕ ಕೆಡಿಸಬಾರದು ಅಂತ ಆಮ್ಲ ಹಾಕಿ ತೆಗೀಬೇಕು. ಆಮೇಲೆ ಯಂತ್ರದಲ್ಲಿ ಸುಟ್ಟು, ಹೊರಬರೋ ಅನಿಲ ಅಳೆದರೆ ಉತ್ತರ ಸಿಗುತ್ತೆ.

ಆದರೆ ಹುಷಾರ್! ಒಂದೇ ಸಂಖ್ಯೆ ನೋಡಿ ತೀರ್ಪು ಕೊಡಬಾರದು. ಪಾಚಿಗೂ ಕೊಳಚೆಗೂ ಅನುಪಾತ ಹತ್ತಿರ ಹತ್ತಿರ. ಕೆರೆ ತುಂಬ ಹಬ್ಬೋ ಅಂತರಗಂಗೆ ಕೊಳೆತರೆ ಸಂಖ್ಯೆ ಮೇಲೆ ಹೋಗಿ, ಕೊಳಚೆಯ ಗುರುತು ಮಸುಕಾಗಬಹುದು. ಮುಖ್ಯವಾಗಿ, ಸೀಸ, ಕ್ರೋಮಿಯಂ ಥರದ ಲೋಹಗಳ ಬಗ್ಗೆ ಈ ಅನುಪಾತ ಒಂದು ಮಾತೂ ಹೇಳಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕೆಳಗಿನ ಕೆರೆಗೆ ಬೇರೆ ಪರೀಕ್ಷೆಯೇ ಬೇಕು.

ಇದು ಯಾಕೆ ಈಗ ಮುಖ್ಯ? ಹಸಿರು ನ್ಯಾಯಮಂಡಳಿಯ ಆದೇಶಗಳ ನಂತರ ಬಿಡಿಎ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸ ಕೈಗೊಂಡಿತು. ಹೂಳು ಎತ್ತಲೇಬೇಕು, ಅದರಲ್ಲಿರೋ ಸಾರ ಮತ್ತೆ ನೀರಿಗೆ ಇಳಿದು ಪಾಚಿ, ಕಳೆ ಬೆಳೆಸುತ್ತೆ. ಆದರೆ ಜೆಸಿಬಿ ಇಳಿದ ಜಾಗದಲ್ಲಿ ಪದರಗಳೂ ಹೋಗುತ್ತೆ. ಪಾಸ್‌ಬುಕ್ಕೇ ಹರಿದ ಮೇಲೆ, ಯಾವ ಕಾಲಕ್ಕೆ ಏನು ಬಂತು ಅಂತ ಕೇಳೋದು ಯಾರನ್ನ?

ಇನ್ನೊಂದು ವಿಷಯ. ಕೆರೆಗೋಡನ್ನು ಹೊಲಕ್ಕೆ ಹೊಡೆಯೋದು ನಮ್ಮ ಹಿರಿಯರ ಪದ್ಧತಿ. ಅನುಪಾತ ಕಡಿಮೆ ಇದ್ದರೆ ಸಾರಜನಕ ಬೇಗ ಬೆಳೆಗೆ ಸಿಗುತ್ತೆ, ರೈತರಿಗೆ ಖುಷಿಯೇ. ಆದರೆ ಆಗಿನ ಗೋಡು ಹೊಲದಿಂದ ಕೊಚ್ಚಿ ಬಂದ ಮಣ್ಣು. ಈಗಿನದು ಬಡಾವಣೆಗಳಿಂದ ಬಂದದ್ದು. ಲೋಹ ಪರೀಕ್ಷೆ ಮಾಡದೆ ರಾಗಿ ಹೊಲಕ್ಕೆ ಸುರಿದರೆ ನಮ್ಮ ಕಸವನ್ನು ಅವರ ತಟ್ಟೆಗೆ ಬಡಿಸಿದ ಹಾಗೆ.

ವರ್ತೂರಿನಿಂದ ಹೊರಟ ನೀರು ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಕಡಲಿನ ಕೆಸರಲ್ಲೂ ನಮ್ಮ ಲೆಕ್ಕ ಇರಬಹುದು. ನಿಮ್ಮ ಏರಿಯಾದ ಕೆರೆಯಲ್ಲಿ ಹೂಳೆತ್ತೋಕೆ ಶುರು ಮಾಡಿದ್ರೆ ಎರಡೇ ಪ್ರಶ್ನೆ ಕೇಳಿ: ಎತ್ತೋ ಮುಂಚೆ ಪದರಗಳ ಮಾದರಿ ತಗೊಂಡ್ರಾ? ಎತ್ತಿದ್ದು ಎಲ್ಲಿಗೆ ಹೋಗ್ತಿದೆ? ಮತ್ತೆ ಸಿಗೋಣ.