ಎಣಿಸುವವರಿದ್ದರೆ ಬಸ್ಕಿ ಹಗುರ
(ಬಸವನ ಬಾಗೇವಾಡಿಯಲ್ಲಿ ಯುವಜನರ ಮುಂದೆ ಆಡಿದ ಮಾತುಗಳ ಬರಹರೂಪ)



2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಶಾಲೆ, ಅಂಗಡಿ, ಬಸ್ಸುಗಳ ಜತೆಗೆ ನಮ್ಮ ಗರಡಿಮನೆಗಳೂ ಮುಚ್ಚಿದವು. ಆಗ ಕಾಲೇಜು ವಿದ್ಯಾರ್ಥಿಯಾಗಿದ್ದ ನನಗೆ ಮೊದಲ ವಾರ ರಜೆಯಂತಿತ್ತು. ಮೂರನೆಯ ವಾರಕ್ಕೆ ರಾತ್ರಿ ನಿದ್ದೆ ಇಲ್ಲ, ಹಗಲು ಹುರುಪಿಲ್ಲ. ಕಾಯಿಲೆ ನನಗೆ ಬಂದಿರಲಿಲ್ಲ. ಆದರೂ ಎದೆಯ ಮೇಲೆ ಏನೋ ಭಾರ. ನಿಮ್ಮಲ್ಲಿ ಹಲವರಿಗೂ ಹೀಗೇ ಆಗಿರಬೇಕು.

ಇದು ಕೆಲವರ ಮನೋದೌರ್ಬಲ್ಯವಾಗಿರಲಿಲ್ಲ. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇಕಡಾ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವಂತೆ ನಡೆದರೂ ಸಾಕು, ಮನಸ್ಸಿಗೆ ಹಿತ ಎಂಬುದು ಅದೇ ಸಂಸ್ಥೆಯ ಸಲಹೆ. ಆದರೆ ನಡೆಯುವುದೆಲ್ಲಿ? ಯಾರ ಜತೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯವರಿಗೆ ಗರಡಿ ಬರೀ ಮೈ ಬೆಳೆಸುವ ಜಾಗವಲ್ಲ. ಸಾಮು ಮಾಡುವವನ ಪಕ್ಕದಲ್ಲಿ ಲೆಕ್ಕ ಇಡುವವನೊಬ್ಬ, ತಪ್ಪು ತಿದ್ದುವ ಉಸ್ತಾದನೊಬ್ಬ ಇರುತ್ತಾನೆ. ಎರಡು ದಿನ ತಪ್ಪಿಸಿದರೆ ‘ಯಾಕಪಾ, ಆರಾಮ ಇಲ್ಲೇನು?’ ಎಂದು ಕೇಳುವವರಿರುತ್ತಾರೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನು ಒಬ್ಬನೇ. ಹುರಿದುಂಬಿಸುವುದು ಇಡೀ ಊರು.

ಗರಡಿ ಗಂಡಸರದಾಯಿತು, ಹೆಂಗಸರಿಗೆ? ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಜನಪದ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುತ್ತಿದ್ದುದು ಇಂಥ ತ್ರಿಪದಿಗಳನ್ನೇ. ಬೀಸುವುದು ವ್ಯಾಯಾಮವಲ್ಲ, ದುಡಿತ, ಅದನ್ನು ಹೊಗಳಬೇಕಿಲ್ಲ. ಆದರೆ ಕೈ ಕಲ್ಲು ತಿರುವುತ್ತಿದ್ದಾಗ ಬಾಯಿ ತವರಿನ ನೆನಪನ್ನೂ ಅಗಲಿಕೆಯ ದುಃಖವನ್ನೂ ಹೊರಹಾಕುತ್ತಿತ್ತು. ಗಿರಣಿ ಬಂದು ರಟ್ಟೆಯ ನೋವು ತಪ್ಪಿತು, ಒಳ್ಳೆಯದೇ ಆಯಿತು. ಅದರೊಂದಿಗೆ ಎದುರು ಕೂತು ದನಿಗೂಡಿಸುವ ಗೆಳತಿಯೂ ಎದ್ದು ಹೋದಳು.

ಹಿಂದೆಯೂ ಮಹಾಮಾರಿಗಳು ಬಂದಿದ್ದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬಯಿ ಪ್ರಾಂತದಲ್ಲಿ ಹರಡಿತು. ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಪ್ಲೇಗು ಬಂದ ಊರುಗಳ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕೊರೊನಾದಲ್ಲಿ ನಾವು ಇದಕ್ಕೆ ವಿರುದ್ಧವಾಗಿ ಒಳಗೆ ಸೇರಿಕೊಂಡೆವು. ಉಸಿರಿನಿಂದ ಹರಡುವ ರೋಗಕ್ಕೆ ಅಂತರ ಅಗತ್ಯವೇ ಆಗಿತ್ತು. ಆದರೆ ಮುಚ್ಚಿದ ಕೋಣೆಗಿಂತ ಬಯಲಿನ ಗಾಳಿಯಲ್ಲಿ ಅಪಾಯ ಕಡಿಮೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ನನ್ನ ಭಾರ ಇಳಿದದ್ದು ಹೇಗೆಂದು ಹೇಳುತ್ತೇನೆ. ಒಂದು ಸಂಜೆ ಎದುರು ಮನೆಯ ಕಾಕಾ ತಮ್ಮ ಮಾಳಿಗೆಯಿಂದ ಕೂಗಿದರು: ‘ತಮ್ಮಾ, ನೀ ಬಸ್ಕಿ ಹೊಡಿ, ನಾ ಎಣಸ್ತೀನಿ.’ ಮೊದಲ ದಿನ ಇಪ್ಪತ್ತಕ್ಕೆ ಕಾಲು ನಡುಗಿದವು. ವಾರದೊಳಗೆ ಇನ್ನೆರಡು ಮಾಳಿಗೆಗಳಿಂದ ಎಣಿಕೆ ಕೇಳಿಸತೊಡಗಿತು. ನಿದ್ದೆ ಮರಳಿತು. ನನಗೆ ಬೇಕಾಗಿದ್ದುದು ಬಸ್ಕಿ ಎಷ್ಟೋ ಅಷ್ಟೇ ಆ ಎಣಿಸುವ ದನಿ.

ಸಾಮು ಎಲ್ಲಕ್ಕೂ ಮದ್ದಲ್ಲ. ಜ್ವರದಿಂದ ಎದ್ದವರು ನಿಧಾನವಾಗಿ, ವೈದ್ಯರನ್ನು ಕೇಳಿ ಮೈ ದಂಡಿಸಬೇಕು. ಭಾರ ಇಳಿಯದಿದ್ದರೆ 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಅದರಲ್ಲಿ ನಾಚಿಕೆಯೇನಿಲ್ಲ.

ಮತ್ತೊಂದು ಮಹಾಮಾರಿ ಬಂದರೆ ಗರಡಿಗೆ ಬೀಗ ಬೀಳಬಹುದು. ಆಗ ಸಾಮನ್ನು ಮಾಳಿಗೆಗೆ, ಹೊಲಕ್ಕೆ ಒಯ್ಯೋಣ. ಅಕ್ಕ ತಂಗಿಯರನ್ನೂ ಸೇರಿಸಿಕೊಳ್ಳೋಣ. ಎರಡು ದಿನ ಕಾಣದವರ ಬಾಗಿಲ ಮುಂದೆ ದೂರ ನಿಂತಾದರೂ ‘ಆರಾಮ ಅದೀರೇನು?’ ಎಂದು ಕೇಳೋಣ.