ಯಾವ ಕ್ಯಾಮೆರಾ ತಗೊಳ್ಳಲಿ ಸರ್?

ರಾಜಕೀಯದ ಗದ್ದಲ ಇವತ್ತೊಂದು ದಿನ ಪಕ್ಕಕ್ಕಿರಲಿ. ನನಗೆ ಬರೋ ಮೆಸೇಜ್‌ಗಳಲ್ಲಿ ಬೈಗುಳ ಬಿಟ್ಟರೆ ಅತಿ ಹೆಚ್ಚು ಬರೋದು ಒಂದೇ ಪ್ರಶ್ನೆ: 'ಸರ್, ಯಾವ ಕ್ಯಾಮೆರಾ ತಗೊಳ್ಳಲಿ?' ಟಿವಿಯಲ್ಲಿ ಇರೋನು, ಅದರಲ್ಲೂ ಇಂಜಿನಿಯರಿಂಗ್ ಓದಿದೋನು, ಇವನಿಗೆ ಗೊತ್ತಿರಲೇಬೇಕು ಅನ್ನೋ ಲೆಕ್ಕ. ನಾನೂ ಸೆನ್ಸರ್ ಎಷ್ಟು ದೊಡ್ಡದು, ಮೆಗಾಪಿಕ್ಸೆಲ್ ಎಷ್ಟು, ಲೆನ್ಸ್ ಯಾವುದು ಅಂತ ಪಾಠ ಒಪ್ಪಿಸ್ತಾ ಬಂದಿದ್ದೆ. ತೊರವಿಗೆ ಹೋಗಿ ಬಂದಮೇಲೆ ಆ ಪಾಠ ಅರ್ಧ ಮಾತ್ರ ಅನ್ನಿಸ್ತಿದೆ.

ತೊರವಿ ವಿಜಯಪುರಕ್ಕೆ ಅಂಟಿಕೊಂಡಿರುವ ಊರು. ತೊರವೆ ರಾಮಾಯಣ ಅಂತೀವಲ್ಲ, ಅದೇ ತೊರವೆ, ಕುಮಾರ ವಾಲ್ಮೀಕಿಯ ನೆಲ. ಮೆಟ್ಟಿಲಿಳಿದು ನೋಡಬೇಕಾದ ನರಸಿಂಹನ ಗುಡಿ ಇದೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇಲ್ಲೇ ಇದೆ. ಎರಡನೇ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ಶುರು ಮಾಡಿದ ನವರಸಪುರ ಅನ್ನೋ ನಗರ 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಹಾಳಾಯ್ತು. ಅದರಲ್ಲಿ ಉಳಿದಿರೋ ಸಂಗೀತ ಮಹಲ್ ಮುಂದೆ ನಾವು ಶೂಟಿಂಗ್ ಮಾಡ್ತಿದ್ದಾಗ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ತಿತ್ತು. ಮೇಲೆ ಡ್ರೋನ್, ಕೆಳಗೆ ಎರಡು ಮಿರರ್‌ಲೆಸ್ ಕ್ಯಾಮೆರಾ. ನಮ್ಮ ಚಾನೆಲ್ ಕ್ಯಾಮೆರಾಗಿಂತ ಅವು ಹೊಸವು, ಸತ್ಯ ಹೇಳ್ತೀನಿ.

ಹತ್ತಿರದಲ್ಲೇ ಹಳೇ ಫೋಟೋಗ್ರಾಫರ್ ಒಬ್ಬರು ನಿಂತು ನೋಡ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. 'ಕಾಕಾ, ನಿಮಗೆ ಯಾವ ಕ್ಯಾಮೆರಾ ಇಷ್ಟ?' ಅಂದೆ. ಸ್ಟುಡಿಯೋಗೆ ಕರ್ಕೊಂಡು ಹೋಗಿ ಬಟ್ಟೆ ಬಿಚ್ಚಿ ತೋರಿಸಿದರು: ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಮಾರುಕಟ್ಟೆಗೆ ಬಂದ ಮಾಡೆಲ್. ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ನಾನು ಇದನ್ನೆಲ್ಲ ವಿವರಿಸೋಕೆ ಬಾಯಿ ತೆಗೆಯೋ ಮುಂಚೆ ಕಾಕಾ ಒಂದೇ ಮಾತಲ್ಲಿ ಮುಗಿಸಿದರು.

'ಸೆಲ್ ಹೋದ್ರೂ ಇದು ನಿಲ್ಲಂಗಿಲ್ರಿ ಸರ. ಅಕ್ಕಿಕಾಳು ಬೀಳೂ ಮುಂದ ಕ್ಯಾಮೆರಾ ನಿಂತ್ರ, ಇನ್ನೊಮ್ಮಿ ತಾಳಿ ಕಟ್ಟಪಾ ಅಂತ ಹೇಳಾಕ ಬರತೈತೇನ್ರಿ?'

ಒಂದು ರೀಲಿಗೆ 36 ಫೋಟೋ. ಮನೆಮಂದಿ ಎಲ್ಲರೂ ಬರಬೇಕು, ಬೀಗರು ಮುನಿಸಿಕೊಳ್ಳಬಾರದು, ರೀಲು ದುಬಾರಿ. ಲೆಕ್ಕ ಹಾಕಿ ಹೊಡೀಬೇಕಿತ್ತು. ತೊಳೆಸಿದ ಮೇಲೆ ಪ್ರಿಂಟ್ ಗಿರಾಕಿಗೆ, ನೆಗೆಟಿವ್ ಕಾಕಾನ ಟ್ರಂಕಿಗೆ. ಆ ಟ್ರಂಕು ಈಗಲೂ ಇದೆ.

ಕೆಲವು ವರ್ಷದ ಹಿಂದೆ ಊರಿನ ಹುಡುಗನೊಬ್ಬ ಬಂದನಂತೆ. ಅವರವ್ವ ತೀರಿಕೊಂಡಿದ್ದರು. ಹಾರ ಹಾಕೋಕೆ ಒಂದು ಫೋಟೋ ಬೇಕು. ಮೊಬೈಲಲ್ಲಿ ಬೇಕಾದಷ್ಟಿದ್ದವು, ಆದರೆ ಮೊಬೈಲ್ ನೀರಿಗೆ ಬಿದ್ದು ಸತ್ತಿತ್ತು. ಕಾಕಾ ಎರಡು ದಿನ ಟ್ರಂಕು ತಡಕಾಡಿದರು. ಯಾರದೋ ಮದುವೆಯ ನೆಗೆಟಿವ್‌ನಲ್ಲಿ, ಊಟದ ಪಂಕ್ತಿಯ ಹಿಂದೆ, ಬುಟ್ಟಿ ಹಿಡಿದು ನಿಂತಿದ್ದಳು ಆ ತಾಯಿ. ಅಷ್ಟನ್ನೇ ದೊಡ್ಡದು ಮಾಡಿ ಕೊಟ್ಟರು. ಮುಖ ಸ್ವಲ್ಪ ಮಸುಕಂತೆ. 'ಆದ್ರ ಅಕಿನೇ ಅಕಿ' ಅಂದರು ಕಾಕಾ.

ಇದು ಹಳೇ ಕಾಲದವರ ಹಟ ಅನ್ನಬೇಡಿ. ಈ ನೆಲದಲ್ಲಿ ಇದೇ ಲೆಕ್ಕಾಚಾರ 1855ರಲ್ಲೂ ನಡೆದಿದೆ. ಆ ವರ್ಷ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಅನ್ನೋ ಸೇನಾಧಿಕಾರಿಯನ್ನ ಸರ್ಕಾರಿ ಫೋಟೋಗ್ರಾಫರ್ ಮಾಡ್ತು. ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿದ ಆತ ಬಳಸಿದ್ದು ಕಾಗದದ ನೆಗೆಟಿವ್. ಗಾಜಿನ ಪ್ಲೇಟು ಆಗಲೇ ಬಂದಿತ್ತು, ಚಿತ್ರವೂ ಚೂಪಾಗಿ ಬರ್ತಿತ್ತು. ಆದರೆ ಅದಕ್ಕೆ ಬಳಿದ ರಾಸಾಯನಿಕ ಹಸಿಯಾಗಿರುವಾಗಲೇ ಫೋಟೋ ತೆಗೆದು ತೊಳೆದೂ ಮುಗಿಸಬೇಕು. ನಮ್ಮ ಕಡೆ ಬಿಸಿಲಲ್ಲಿ ಹಸಿ ಎಷ್ಟು ಹೊತ್ತು ಇರುತ್ತೆ ಹೇಳಿ! ಗಾಜು ದಾರೀಲಿ ಒಡೆಯೋ ಭಯ ಬೇರೆ. ಕಾಗದವನ್ನ ಮೊದಲೇ ಸಿದ್ಧ ಮಾಡಿಟ್ಟುಕೊಂಡು, ಆಮೇಲೆ ನಿಧಾನಕ್ಕೆ ತೊಳೀಬಹುದಿತ್ತು. ಚಿತ್ರ ಸ್ವಲ್ಪ ಒರಟು, ಆದರೆ ಮನೆ ಸೇರುತ್ತೆ. ಬಿಗ್ಸ್ ತೆಗೆದ ಬಿಜಾಪುರದ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಬರಹದ ಜೊತೆ ಪುಸ್ತಕವಾಗಿ ಬಂದವು.

ಇನ್ನು ತಿಕೋಟಾ ದಾರೀಲಿ ಸಿಕ್ಕ ದ್ರಾಕ್ಷಿ ಬೆಳೆಗಾರರನ್ನ ಕೇಳಿದರೆ ಅವರ ಉತ್ತರವೇ ಬೇರೆ. 'ಜಿಪಿಎಸ್ ಲಗೂ ಹಿಡೀಬೇಕ್ರಿ, ಅಷ್ಟ ಸಾಕು.' ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ತೆಗೀಬೇಕಲ್ಲ. ವಿಮೆ, ಬೆಳೆ ಹಾನಿ ಪರಿಹಾರ ಅಂದಾಗ ಆ ದಾಖಲೆ ನೋಡ್ತಾರೆ. ಅವರ ಪಾಲಿಗೆ ಫೋಟೋ ಚೆಂದ ಬಂತೋ ಇಲ್ಲವೋ ಅನ್ನೋದಕ್ಕಿಂತ ಯಾವ ಹೊಲದ್ದು ಅನ್ನೋದು ಮುಖ್ಯ.

ನನ್ನ ಕಥೆಯನ್ನೂ ಹೇಳಿಬಿಡ್ತೀನಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ತೀರದ ಪ್ರವಾಹದ ವರದಿಗೆ ಹೋಗಿದ್ದೆ. ಒಬ್ಬ ಅಜ್ಜನ ಜೊತೆ ತುಂಬಾ ಹೊತ್ತು ಮಾತಾಡಿದ್ದೆವು. ನಮ್ಮ ಹತ್ತಿರ ಒಳ್ಳೇ ಕ್ಯಾಮೆರಾ, ಒಳ್ಳೇ ಮೈಕು. ರಾತ್ರಿ ಕಾರ್ಡ್ ತುಂಬಿತ್ತು, ಬೆಳಗ್ಗೆ ಬೇರೆ ಊರು. ಬೇಕಾದ ತುಣುಕು ಕಳಿಸಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಮಾಡಿದ್ದು ನಾನೇ, ಬೇರೆ ಯಾರೂ ಅಲ್ಲ. ಮರುವರ್ಷ ಅಜ್ಜನ ಮೊಮ್ಮಗಳು ಫೋನ್ ಮಾಡಿದಳು. ಅಜ್ಜ ಹೋಗಿಬಿಟ್ಟರು, ಆವತ್ತಿನ ವಿಡಿಯೋ ಪೂರ್ತಿ ಸಿಗುತ್ತಾ ಅಂತ. ಪ್ರಸಾರವಾದ ಇಪ್ಪತ್ತು ಸೆಕೆಂಡ್ ಮಾತ್ರ ಇತ್ತು. ಅದರಲ್ಲೂ ಗದ್ದದ ಮೇಲೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡ್ತಿತ್ತು. ಅದನ್ನೇ ಕಳಿಸಿದೆ. ಥ್ಯಾಂಕ್ಸ್ ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಕಾಕಾನ ಟ್ರಂಕಿನ ಮುಂದೆ ಕೂತಾಗ ಅದೆಲ್ಲ ತಲೇಲಿ ಓಡ್ತಿತ್ತು. ಅವರ ಮೊಬೈಲಲ್ಲಿ ಬಿಳೀ ಪರದೆ ತೆರೆದು, ಮೇಲೊಂದು ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು (ಇಲ್ಲದಿದ್ದರೆ ಪರದೆಯ ಚುಕ್ಕಿಗಳೂ ಫೋಟೋದಲ್ಲಿ ಬರ್ತವೆ), ಅದರ ಮೇಲೆ ನೆಗೆಟಿವ್ ಇಟ್ಟು ನನ್ನ ಮೊಬೈಲಲ್ಲಿ ಫೋಟೋ ತೆಗೆದೆ. ಬಣ್ಣ ತಿರುವುಮುರುವು ಮಾಡಿದಾಗ ಕಪ್ಪು ಹಲ್ಲು, ಬಿಳಿ ಕೂದಲಿನ ದೆವ್ವಗಳೆಲ್ಲ ಮನುಷ್ಯರಾದರು. ಕಾಕಾ ಕನ್ನಡಕ ಏರಿಸಿ ನೋಡಿದರು. 'ಇದು ಹಿಂದಿನ ಓಣ್ಯಾಗಿನ ಮದುವಿ. ಎಡಕ್ಕ ನಿಂತಾಂವ ಈಗಿಲ್ಲ. ಈ ಸಣ್ಣ ಹುಡುಗಿ ಈಗ ಮಾಸ್ತರಬಾಯಿ.'

ಸಂಜೆವರೆಗೆ ಹನ್ನೊಂದು ಪಟ್ಟಿ ಆಯ್ತು. ಟ್ರಂಕಲ್ಲಿ ಎಷ್ಟಿವೆ ಅಂತ ಎಣಿಸಿದವರಿಲ್ಲ. ಕಾಕಾನ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಅಂಗಡಿ ನಡೆಸೋನಲ್ಲ. ತೊರವಿಯಲ್ಲಿ ಪತ್ರಿಕೋದ್ಯಮ ಓದ್ತಿರೋ ಹೆಣ್ಣುಮಕ್ಕಳು ಇದನ್ನ ಕೇಳ್ತಿದ್ದರೆ ಒಂದು ಮಾತು: ಹೊಸ ಕ್ಯಾಮೆರಾ ಕೊಳ್ಳೋ ಮುಂಚೆ ರಜೆಯಲ್ಲಿ ನಾಲ್ಕು ದಿನ ಬನ್ನಿ. ಪಕ್ಕದಲ್ಲಿ ಕಾಕಾ ಕೂತಿರಬೇಕು, ಯಾರು ಯಾರು ಅಂತ ಹೇಳೋಕೆ ಇನ್ನೊಬ್ಬರಿಲ್ಲ.

ಹೊರಡುವಾಗ ನೋಡಿದೆ, ಟ್ರಂಕು ಇಟ್ಟಿರೋ ಗೋಡೆ ಮಳೆಗಾಲದಲ್ಲಿ ಒಸರುತ್ತೆ, ಅಡಿಯಲ್ಲಿ ತುಕ್ಕು ಹತ್ತಿದೆ. ಸದ್ಯಕ್ಕೆ ಕೆಳಗೆ ಎರಡು ಇಟ್ಟಿಗೆಯಾದರೂ ಇಡಿ ಕಾಕಾ ಅಂದೆ. 'ಇಡ್ತೀನ್ರಿ' ಅಂದರು.