ಬೇರುಗಂಟು: ಬೀಜದೊಡನೆ ಬರುವ ಶತ್ರು



ನೀರು, ಗೊಬ್ಬರಗಳಿದ್ದೂ ಶುಂಠಿ ಗಿಡ್ಡಾಗಿ ಹಳದಿಗೆ ತಿರುಗಿದರೆ ಒಂದು ಗಿಡವನ್ನು ಅಗೆದು ನೋಡಬೇಕು. ಬೇರಿನಲ್ಲಿ ಗಂಟುಗಳಿದ್ದರೆ ಅದು ಬರಿಗಣ್ಣಿಗೆ ಕಾಣದ ಜಂತುಹುಳುವಿನ ಬಾಧೆ. ಹೆಣ್ಣುಹುಳು ನೂರಾರು ಮೊಟ್ಟೆಯಿಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ತಿಂಗಳಿಗೊಂದು ಪೀಳಿಗೆ. ಆಹಾರ ಸಾಗದೆ ಗಡ್ಡೆ ಸಣ್ಣದಾಗುತ್ತದೆ. ಗಾಯದ ಮೂಲಕ ಕೊಳೆರೋಗವೂ ಹೊಗುತ್ತದೆ.

ಹಾನಗಲ್ಲ, ಶಿಗ್ಗಾಂವಿಗಳ ಶುಂಠಿಯಂತೆಯೇ ಹಿರೇಕೆರೂರಿನ ತರಕಾರಿ, ಸವಣೂರಿನ ವೀಳ್ಯದೆಲೆಯ ಬಳ್ಳಿಗಳೂ ಈ ಹುಳುವಿಗೆ ಆಹಾರವೇ. ತಾನಾಗಿ ಅದು ದೂರ ಸಾಗದು. ಬಿತ್ತನೆಗಡ್ಡೆ, ನೇಗಿಲಿಗೆ ಮೆತ್ತಿದ ಮಣ್ಣು, ಹರಿಯುವ ನೀರು ಅದನ್ನು ಊರೂರಿಗೆ ಒಯ್ಯುತ್ತವೆ.

ಆದ್ದರಿಂದ ರಕ್ಷಣೆ ಬಿತ್ತನೆಗೆ ಮೊದಲೇ ಆಗಬೇಕು. ಬಿತ್ತನೆಗಡ್ಡೆಯನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಬೇಕು. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ, ನಾಟಿಯ ವೇಳೆಗೆ ಬೇವಿನ ಹಿಂಡಿ ಹಾಕಬೇಕು. ಶುಂಠಿಯ ಮೇಲೆ ಶುಂಠಿ ಬೆಳೆಯದೆ ಗದ್ದೆಯ ಭತ್ತವನ್ನೋ ಚೆಂಡುಹೂವನ್ನೋ ಬೆಳೆಯಬೇಕು. ಗಂಟುಬೇರಿನ ಹೊಲದ ಗಡ್ಡೆಯನ್ನು ಬೀಜಕ್ಕೆಂದು ಮಾರುವುದು ನೆರೆಯವನ ಮಣ್ಣಿಗೆ ರೋಗ ಬಿತ್ತಿದಂತೆ.